ಪರದೆಯಾಚೆ ಮುಗಿಯಬೇಕಾದ ಆಟ

ಅಪಾಯದ ಬಗ್ಗೆ ತಿಳಿಸಿಕೊಟ್ಟರೆ ಮಕ್ಕಳು ಅಪಾಯದಿಂದ ದೂರವಿರುತ್ತಾರೆ ಎಂದು ನಾವು ನಂಬಿದ್ದೇವೆ. ಪಠ್ಯದಲ್ಲಿ ಒಂದು ಪಾಠ ಸೇರಿಸುವುದು, ಶಾಲೆಯ ಗೋಡೆಗೆ ಚಿತ್ರಪಟ ಹಚ್ಚುವುದು, ಈಗ ಮೊಬೈಲಿಗೆ ಒಂದು ಆಟ ಮಾಡಿಕೊಡುವುದು, ಎಲ್ಲವೂ ಈ ನಂಬಿಕೆಯ ಮೇಲೆಯೇ ನಿಂತಿವೆ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸುಜಾನ್ ಜೀಡಿಕ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಒರೆಗೆ ಹಚ್ಚಿತು. ನಾಲ್ಕೈದು ವರ್ಷದ ಮಕ್ಕಳಿಗೆ ರಸ್ತೆಯ ಎಚ್ಚರ ಕಲಿಸಲು ಅವರು ರಸ್ತೆಯ ಪುಟ್ಟ ಮಾದರಿ, ಮಣೆಯ ಮೇಲೆ ಆಡುವ ಆಟ, ಚಿತ್ರಗಳು ಇವನ್ನೆಲ್ಲ ಬಳಸಿದರು. ಬಳಿಕ ಪ್ರಶ್ನೆ ಕೇಳಿದಾಗ ಮಕ್ಕಳ ತಿಳಿವಳಿಕೆ ಹೆಚ್ಚಿದ್ದು ಸ್ಪಷ್ಟವಾಗಿ ಕಂಡಿತು. ಆದರೆ ಅದೇ ಮಕ್ಕಳು ನಿಜವಾದ ರಸ್ತೆಗೆ ಬಂದಾಗ ಹೇಗೆ ನಡೆದುಕೊಳ್ಳುತ್ತಾರೆಂದು ಗಮನಿಸಿದರೆ, ಕಲಿತವರಿಗೂ ಕಲಿಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಆ ಮಕ್ಕಳು ತೀರ ಚಿಕ್ಕವರು, ಹತ್ತು ಹನ್ನೆರಡರ ಮಕ್ಕಳ ಮಾತು ಬೇರೆ ಎನ್ನಬಹುದು, ಒಪ್ಪೋಣ. ಆದರೂ ಮಕ್ಕಳಿಗಾಗಿ ವಿಪತ್ತಿನ ಆಟ ಕಟ್ಟಲು ಹೊರಟವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದೇ. ಆಟದಲ್ಲಿ ಗೆದ್ದ ಮಗು ನೆರೆಯಲ್ಲಿ ಏನು ಮಾಡುತ್ತದೆ? ನನ್ನ ವಾದ ಇಷ್ಟು: ಇಂಥ ಆಟ ಬೇಕು, ಕನ್ನಡದಲ್ಲಿ ಬೇಕು, ಬೇಗ ಬೇಕು. ಆದರೆ ಅದು ಮಾಹಿತಿ ತುಂಬುವ ಆಟವಾದರೆ ದಂಡ. ಮಗು ತಾನಿರುವ ಜಾಗದಲ್ಲಿ ತೆಗೆದುಕೊಳ್ಳಬೇಕಾದ ತೀರ್ಮಾನವನ್ನು ಅದು ರೂಢಿ ಮಾಡಿಸಬೇಕು, ಮತ್ತು ಆ ರೂಢಿ ಪರದೆಯ ಹೊರಗೆ, ಮನೆಯ ಅಂಗಳದಲ್ಲಿ, ಶಾಲೆಯ ದಾರಿಯಲ್ಲಿ ಮುಗಿಯಬೇಕು.

ಈ ಹಾದಿಯಲ್ಲಿ ನಾವು ಮೊದಲಿಗರಲ್ಲ. ವಿಶ್ವಸಂಸ್ಥೆಯ ವಿಪತ್ತು ಅಪಾಯ ತಗ್ಗಿಸುವ ಕಚೇರಿಯೂ ಯುನಿಸೆಫ್ ಸಂಸ್ಥೆಯೂ ಸೇರಿ 'ರಿಸ್ಕ್‌ಲ್ಯಾಂಡ್' ಎಂಬ ಮಣೆಯಾಟ ರೂಪಿಸಿದವು; ಅದು ಹಲವು ಭಾಷೆಗಳಿಗೆ ಹೋಯಿತು. ಅದೇ ಕಚೇರಿಯ 'ಸ್ಟಾಪ್ ಡಿಸಾಸ್ಟರ್ಸ್' ಎಂಬ ಕಂಪ್ಯೂಟರ್ ಆಟದಲ್ಲಿ ಆಡುವವರ ಕೈಗೆ ಒಂದು ಊರೂ ಒಂದಿಷ್ಟು ಹಣವೂ ಸಿಗುತ್ತವೆ. ಪ್ರವಾಹವೋ ಸುನಾಮಿಯೋ ಬರುವುದರೊಳಗೆ ಎಲ್ಲಿ ಮನೆ ಕಟ್ಟಬೇಕು, ಎಲ್ಲಿ ಮರ ನೆಡಬೇಕು ಎಂದು ನಿರ್ಧರಿಸಬೇಕು. ಹೈಸ್ಕೂಲಿನ ಮಕ್ಕಳಿಗೆ ಯೋಜನೆಯ ದೃಷ್ಟಿ ಕೊಡುವ ಒಳ್ಳೆಯ ಆಟ ಅದು. ಆದರೆ ಅದು ಮಗುವನ್ನು ಜಿಲ್ಲಾಧಿಕಾರಿಯ ಕುರ್ಚಿಯಲ್ಲಿ ಕೂರಿಸುತ್ತದೆ, ನೀರು ನುಗ್ಗುತ್ತಿರುವ ಮನೆಯೊಳಗೆ ನಿಲ್ಲಿಸುವುದಿಲ್ಲ. ಆ ಕೆಲಸಕ್ಕೆ ಹೆಚ್ಚು ಹತ್ತಿರ ಬಂದದ್ದು ಯುನೆಸ್ಕೊದ ಬ್ಯಾಂಕಾಕ್ ಕಚೇರಿ 2014ರಲ್ಲಿ ಹೊರತಂದ 'ಸಾಯಿ ಫಾ' ಎಂಬ ಮೊಬೈಲ್ ಆಟ. 2011ರಲ್ಲಿ ಥಾಯ್ಲೆಂಡಿನಲ್ಲಿ ತಿಂಗಳುಗಟ್ಟಲೆ ನಿಂತ ನೆರೆಗೆ 800ಕ್ಕೂ ಹೆಚ್ಚು ಜನ ಬಲಿಯಾದರು. ನೀರಿನಲ್ಲಿ ಮುಳುಗಿ ಸತ್ತವರಷ್ಟೇ ಅಲ್ಲ, ನಿಂತ ನೀರಿನಲ್ಲಿ ವಿದ್ಯುತ್ ತಗುಲಿ ಸತ್ತವರೂ ಅವರಲ್ಲಿದ್ದರು. ನೆರೆಗೆ ಮೊದಲು, ನೆರೆಯ ನಡುವೆ, ನೆರೆ ಇಳಿದ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಒಬ್ಬ ಥಾಯ್ ಹುಡುಗನ ಕತೆಯಾಗಿ, ಥಾಯ್ ಭಾಷೆಯಲ್ಲೇ ಆ ಆಟ ಕಟ್ಟಿಕೊಟ್ಟಿತು. ಅದರ ಬಲ ಇರುವುದು ಚಿತ್ರಗಳ ಚೆಲುವಿನಲ್ಲಲ್ಲ. ಒಂದು ನಿರ್ದಿಷ್ಟ ನಾಡು ಒಂದು ನಿರ್ದಿಷ್ಟ ವಿಪತ್ತಿನಲ್ಲಿ ಕಂಡುಂಡ ಸಾವುಗಳಿಂದ ಅದು ಹುಟ್ಟಿತು ಎಂಬಲ್ಲಿದೆ. ನಮ್ಮಲ್ಲಿ ಆಟ ಕಟ್ಟುವವರು ಕಲಿಯಬೇಕಾದ ಮೊದಲ ಪಾಠವೂ ಅದೇ: ಇಲ್ಲಿನ ಮಕ್ಕಳು ಹೇಗೆ ಸಾಯುತ್ತಿದ್ದಾರೆ ಎಂಬುದರಿಂದ ಶುರು ಮಾಡಬೇಕು.

ರೂಢಿಯ ಮಾತು ಯಾಕೆ ಇಷ್ಟು ಮುಖ್ಯ ಎಂಬುದನ್ನು ಜಪಾನಿನ ಕಾಮಾಯಿಶಿ ನಗರ ಎರಡು ದಿಕ್ಕಿನಿಂದಲೂ ತೋರಿಸಿಕೊಟ್ಟಿದೆ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಆ ನಗರ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಆದರೆ ಅಲ್ಲಿನ ಶಾಲೆಗಳ ಸುಮಾರು 3000 ಮಕ್ಕಳಲ್ಲಿ ಬಹುತೇಕ ಎಲ್ಲರೂ ಉಳಿದರು. ಉನೊಸುಮಾಯಿ ಎಂಬಲ್ಲಿ ಮಾಧ್ಯಮಿಕ ಶಾಲೆಯ ಮಕ್ಕಳು ತಾವಾಗಿ ಓಡತೊಡಗಿದರು, ಅವರನ್ನು ಕಂಡು ಪಕ್ಕದ ಪ್ರಾಥಮಿಕ ಶಾಲೆಯ ಚಿಕ್ಕವರೂ ಹಿಂದೆ ಬಂದರು. ಮೊದಲು ಗೊತ್ತುಪಡಿಸಿದ್ದ ಜಾಗ ಸಾಲದೆಂದು ಕಂಡಾಗ ಇನ್ನೂ ಮೇಲೆ, ಅದೂ ಸಾಲದೆಂದಾಗ ಮತ್ತೂ ಮೇಲೆ ಹೋದರು. ಅಪಾಯದ ನಕ್ಷೆಯಲ್ಲಿ ಆ ಶಾಲೆಗಳು ಸುರಕ್ಷಿತ ವಲಯದಲ್ಲಿದ್ದವು. ನಕ್ಷೆಯನ್ನು ನಂಬಿ ಕುಳಿತಿದ್ದರೆ ಮಕ್ಕಳು ಉಳಿಯುತ್ತಿರಲಿಲ್ಲ. ಗುನ್ಮಾ ವಿಶ್ವವಿದ್ಯಾಲಯದ ಪ್ರೊಫೆಸರ್ ಕತಾದಾ ತೊಶಿತಾಕಾ ವರ್ಷಗಟ್ಟಲೆ ಅಲ್ಲಿನ ಶಾಲೆಗಳಲ್ಲಿ ಕಲಿಸಿದ್ದು ಮೂರೇ ಮಾತು: ಮೊದಲೇ ಮಾಡಿಕೊಂಡ ಅಂದಾಜಿಗೆ ಕಟ್ಟುಬೀಳಬೇಡಿ, ಆ ಹೊತ್ತಿಗೆ ಸಾಧ್ಯವಾದಷ್ಟನ್ನೂ ಮಾಡಿ, ಎಲ್ಲರಿಗಿಂತ ಮೊದಲು ನೀವು ಹೊರಡಿ. ಇದೇ ಉನೊಸುಮಾಯಿಯಲ್ಲಿ ಇನ್ನೊಂದು ಕಟ್ಟಡವಿತ್ತು. ಸುನಾಮಿಯಿಂದ ರಕ್ಷಣೆಗೆಂದು ಗೊತ್ತುಮಾಡಿದ ಜಾಗ ಅದಲ್ಲ. ಆದರೆ ಹತ್ತಿರ, ವಯಸ್ಸಾದವರಿಗೆ ನಡೆಯಲು ಸುಲಭ ಎಂಬ ಕಾರಣಕ್ಕೆ ಅಣಕು ಕಾರ್ಯಾಚರಣೆಗಳನ್ನು ಅಲ್ಲಿ ನಡೆಸಿದ್ದರು. ನಿಜವಾದ ಸುನಾಮಿ ಬಂದ ದಿನ ಜನ ರೂಢಿಯಾಗಿದ್ದ ಜಾಗಕ್ಕೇ ಹೋದರು. ನೂರಕ್ಕೂ ಹೆಚ್ಚು ಜನ ಅಲ್ಲಿ ಸತ್ತರು. ಒಂದೇ ಊರಿನ ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಬೇಕು. ಗಾಬರಿಯ ಹೊತ್ತಿನಲ್ಲಿ ಮನುಷ್ಯ ಓದಿದ್ದನ್ನು ನೆನೆಸಿಕೊಳ್ಳುವುದು ಕಡಿಮೆ, ಮಾಡಿ ಅಭ್ಯಾಸವಾದದ್ದನ್ನು ಮಾಡುವುದು ಹೆಚ್ಚು. ಅಭ್ಯಾಸ ಸರಿಯಾಗಿದ್ದರೆ ಅದು ಕಾಯುತ್ತದೆ, ತಪ್ಪಾಗಿದ್ದರೆ ಕೊಲ್ಲುತ್ತದೆ. ಆದ್ದರಿಂದ ಇಂಥ ಆಟ ಕಟ್ಟುವವರ ಹೊಣೆ ಗಣಿತದ ಆಟವನ್ನೋ ಪದಬಂಧವನ್ನೋ ಕಟ್ಟುವವರ ಹೊಣೆಗಿಂತ ಬಹಳ ದೊಡ್ಡದು.

ಹಾಗಾದರೆ ಕರ್ನಾಟಕದ ಮಗುವಿಗೆ ಬೇಕಾದ ತೀರ್ಮಾನಗಳು ಯಾವುವು? ವಿಪತ್ತು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಭೂಕಂಪ, ಸುನಾಮಿ, ಚಂಡಮಾರುತ ಬರುತ್ತವೆ, ಏಕೆಂದರೆ ಆಮದಾದ ಪಾಠಗಳೂ ಆಟಗಳೂ ಅವುಗಳ ಸುತ್ತಲೇ ಇವೆ. ಭೂಕಂಪ ನಮಗೆ ಸಂಬಂಧವಿಲ್ಲದ್ದೇನಲ್ಲ. ಗಟ್ಟಿ ನೆಲವೆಂದು ತಿಳಿದಿದ್ದ ಲಾತೂರಿನಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸಾವಿರಾರು ಜನ ಮಣ್ಣು ಕಲ್ಲಿನ ಮನೆಗಳಡಿ ಸಿಕ್ಕು ಸತ್ತರು, ಬೀದರ್ ಕಲಬುರಗಿಗಳಿಗೆ ಅದು ನೆರೆಯೂರು. ಆದರೆ ನಮ್ಮ ಮಕ್ಕಳನ್ನು ವರ್ಷ ವರ್ಷವೂ ಕೊಂಡೊಯ್ಯುವುದು ಒಂದೊಂದಾಗಿ, ಸದ್ದಿಲ್ಲದೆ, ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಮುಗಿದುಹೋಗುವ ಸಾವುಗಳು. ಅವುಗಳಲ್ಲಿ ಕೃಷಿ ಹೊಂಡದ್ದು ನನ್ನನ್ನು ಹೆಚ್ಚು ಕಾಡುತ್ತದೆ. ಬರಗಾಲದ ಸೀಮೆಯ ರೈತನಿಗೆ ಆಸರೆಯಾಗಲೆಂದು ಬಂದ ಹೊಂಡಗಳಿವು. ಅವುಗಳ ಉಪಯೋಗದ ಬಗ್ಗೆ ತಕರಾರಿಲ್ಲ. ನೀರು ಇಂಗದಿರಲೆಂದು ಇಳಿಜಾರಿನ ಬದಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ನೀರು ತಗುಲಿದ ಆ ಹಾಳೆ ಜಾರುತ್ತದೆ. ಕಾಲು ಜಾರಿ ಬಿದ್ದ ಮಗುವಿಗೆ ಹಿಡಿಯಲು ಬೇರಿಲ್ಲ, ಕಲ್ಲಿಲ್ಲ, ಮೆಟ್ಟಿಲಿಲ್ಲ. ಈಜು ಬಂದರೂ ಮೇಲೆ ಹತ್ತುವುದು ಕಷ್ಟ. ಆಮೇಲೆ ನಡೆಯುವುದು ಇನ್ನೂ ಘೋರ. ತಮ್ಮ ಬಿದ್ದನೆಂದು ಅಕ್ಕ ಹಾರುತ್ತಾಳೆ, ಗೆಳೆಯ ಬಿದ್ದನೆಂದು ಇನ್ನೊಬ್ಬ ಇಳಿಯುತ್ತಾನೆ. ಒಂದು ಸಾವಾಗಬೇಕಿದ್ದಲ್ಲಿ ಎರಡು, ಮೂರು. ಇಲ್ಲಿ ಮಗುವಿಗೆ ಕೊರತೆಯಾದದ್ದು ಮಾಹಿತಿಯಲ್ಲ. ಹೊಂಡ ಆಳವಾಗಿದೆ ಎಂದು ಅದಕ್ಕೆ ಗೊತ್ತು. ಕೊರತೆಯಾದದ್ದು ಪ್ರೀತಿಯಿಂದಲೇ ಹುಟ್ಟುವ ಒಂದು ತುಡಿತವನ್ನು ಕ್ಷಣಕಾಲ ತಡೆದು, ಹಾರುವ ಬದಲು ಕೂಗುವ, ಹಗ್ಗವನ್ನೋ ಉದ್ದನೆಯ ಗಳವನ್ನೋ ಖಾಲಿ ಕ್ಯಾನನ್ನೋ ಎಸೆಯುವ, ದೊಡ್ಡವರ ಕಡೆಗೆ ಓಡುವ ಅಭ್ಯಾಸ. ಇದನ್ನು ಪಾಠದಲ್ಲಿ ಒಂದು ವಾಕ್ಯವಾಗಿ ಹೇಳಿದರೆ ಸಾಲದು. ಇದನ್ನು ಹತ್ತು ಸಲ, ಇಪ್ಪತ್ತು ಸಲ, ಪ್ರತಿ ಸಲವೂ ಕೈಗೆ ಸಿಗುವ ಸಾಮಾನು ಬೇರೆಯಾಗಿ, ಹೊಂಡದ ಅಂಚು ಬೇರೆಯಾಗಿ, ಕೂಗಿದರೆ ಕೇಳಿಸುವ ದೂರ ಬೇರೆಯಾಗಿ ಆಡಿ ನೋಡಬೇಕು. ನಿಜವಾದ ಹೊಂಡದ ಅಂಚಿನಲ್ಲಿ ಯಾವ ಶಿಕ್ಷಕರೂ ಈ ಅಭ್ಯಾಸ ಮಾಡಿಸಲಾರರು, ಮಾಡಿಸಕೂಡದು. ಮೊಬೈಲ್ ಆಟಕ್ಕೆ ನಿಜವಾದ ಅರ್ಹತೆ ಬರುವುದು ಇಂಥ ಕಡೆ.

ಸಿಡಿಲಿನದೂ ಇದೇ ಬಗೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ ಸಿಡಿಲಿಗೆ ಬಲಿಯಾಗುವವರು ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು. ಪ್ರಕೃತಿಯ ಕಾರಣದಿಂದ ಆಗುವ ಸಾವುಗಳಲ್ಲಿ ಅದರ ಪಾಲು ದೊಡ್ಡದು. ನಮ್ಮಲ್ಲಿ ಅದರ ಕಾಲ ಏಪ್ರಿಲ್, ಮೇ, ಮುಂಗಾರಿಗೆ ಮೊದಲಿನ ಮಳೆಗಳು. ಬಲಿಯಾಗುವವರು ಹೊಲದಲ್ಲಿದ್ದವರು, ಕುರಿ ದನ ಕಾಯುತ್ತಿದ್ದವರು, ಮಳೆಗೆ ಮರದಡಿ ನಿಂತವರು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಬೇಕು. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ನಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲಿದೆ. ಗಟ್ಟಿ ಕಟ್ಟಡದೊಳಗೋ ಬಾಗಿಲು ಮುಚ್ಚಿದ ವಾಹನದೊಳಗೋ ಸೇರಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಕೂಡದು. ಎಣಿಸುವುದು ಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ, ಆಟಕ್ಕೂ ಹೇಳಿ ಮಾಡಿಸಿದ್ದು. ಇನ್ನು ಕೃಷ್ಣಾ ತೀರದ ಮಗುವಿನ ತೀರ್ಮಾನ ಬೇರೆ. ಚಿಕ್ಕೋಡಿ ಸೀಮೆಯಲ್ಲಿ ಬಿಸಿಲು ಕಾಯುತ್ತಿದ್ದಾಗಲೂ ಹೊಳೆ ಏರಬಹುದು, ಮಳೆ ಸುರಿಯುತ್ತಿರುವುದು ಮಹಾರಾಷ್ಟ್ರದ ಘಟ್ಟದಲ್ಲಿ. ಕಲ್ಲೋಳ–ಯಡೂರ ಬ್ಯಾರೇಜಿನಂಥ ತಗ್ಗು ಸೇತುವೆಗಳು ಮಳೆಗಾಲ ಬಂತೆಂದರೆ ಮುಳುಗುತ್ತವೆ. ನೆತ್ತಿಯ ಮೇಲೆ ಮೋಡವಿಲ್ಲವೆಂದರೆ ಅಪಾಯವಿಲ್ಲ ಎಂಬ ಸಹಜ ತರ್ಕ ಅಲ್ಲಿ ಸುಳ್ಳಾಗುತ್ತದೆ. ಪಾದ ಮುಳುಗುವಷ್ಟೇ ಕಂಡರೂ ರಭಸದ ನೀರು ದೊಡ್ಡವರನ್ನೇ ಕೆಡವಬಲ್ಲದು ಎಂಬುದನ್ನು ನೀರಿನ ಬದಿಯಲ್ಲೇ ಬೆಳೆದ ಮಗು ನಂಬುವುದೂ ಕಷ್ಟ. 2018ರ ಆಗಸ್ಟಿನ ಕೊಡಗು, 2024ರ ಜುಲೈನ ಶಿರೂರಿನ ಭೂಕುಸಿತಗಳನ್ನು ಕಂಡ ಮೇಲೆ ಮಲೆನಾಡು, ಕರಾವಳಿಯ ಮಗುವಿಗೆ ಬೇಕಾದದ್ದು ಮತ್ತೊಂದು ಬಗೆಯ ಕಣ್ಣು: ಧರೆಯಲ್ಲಿ ಹೊಸ ಬಿರುಕು, ತಿಳಿಯಾಗಿದ್ದ ಒರತೆ ಕೆಸರಾಗಿ ಹರಿಯುವುದು, ವಾಲಿದ ಮರ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು. ಒಂದೇ ರಾಜ್ಯದ ಮೂರು ಮಕ್ಕಳಿಗೆ ಮೂರು ಆಟ ಬೇಕಾಗುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಆದರೆ ವಿಷಯ ಸರಿಯಾಗಿ ಆರಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೊಬೈಲ್ ಆಟಗಳಿಗೆ ತಮ್ಮದೇ ಒಂದು ವ್ಯಾಕರಣವಿದೆ. ಮಕ್ಕಳಿಗೆ ಅದು ಅಕ್ಷರಕ್ಕಿಂತ ಮೊದಲು ಕರಗತವಾಗಿರುತ್ತದೆ, ಆಟ ಕಟ್ಟುವವರೂ ಅದನ್ನು ಯೋಚಿಸದೆ ಬಳಸುತ್ತಾರೆ. ದಾರಿಯಲ್ಲಿ ಸಿಕ್ಕ ನಾಣ್ಯವನ್ನೆಲ್ಲ ಬಾಚಿಕೊಳ್ಳಬೇಕು. ಹೆಚ್ಚು ಸಾಮಾನು ಕೂಡಿಸಿದವನು ಗೆದ್ದ. ನೆರೆ ಬಂದಾಗ ಕಲಿಯಬೇಕಾದದ್ದು ಇದಕ್ಕೆ ನೇರ ವಿರುದ್ಧ: ಪಾಟಿಚೀಲ, ಸೈಕಲ್ಲು, ಹೊಸ ಚಪ್ಪಲಿ ಬಿಟ್ಟು ಹೊರಡುವುದು, ತಿರುಗಿ ಒಳಗೆ ಹೋಗದಿರುವುದು. ಸಾಮಾನು ಕೂಡಿಸಿದ್ದಕ್ಕೆ ಅಂಕ ಕೊಡುವ ನೆರೆಯ ಆಟ, ಮುಳುಗುತ್ತಿರುವ ಮನೆಗೆ ಮಗುವನ್ನು ವಾಪಸು ಕಳಿಸುವ ಅಭ್ಯಾಸ ಮಾಡಿಸುತ್ತದೆ. ತುರ್ತಿನ ಚೀಲ ಸಿದ್ಧಪಡಿಸುವ ಆಟ ಇರಲಿ, ಆದರೆ ಅದು ಮಳೆಗಾಲಕ್ಕೆ ಮೊದಲು, ಗಡಿಯಾರವಿಲ್ಲದೆ ಆಡುವ ಬೇರೆಯೇ ಆಟವಾಗಿರಬೇಕು. ಹಾಗೆಯೇ ಮೂರು ಜೀವದ ರೂಢಿ: ಸತ್ತರೆ ಮತ್ತೆ ಎದ್ದು ಆಡಬಹುದು ಎಂಬುದು ಓಟದ ಆಟಕ್ಕೆ ಸರಿ, ಇಲ್ಲಿ ಅಪಾಯವನ್ನು ಅಗ್ಗ ಮಾಡುತ್ತದೆ. ಅದಕ್ಕೆ ಬದಲಾಗಿ ಸಾವನ್ನು ಭಯಂಕರವಾಗಿ ತೋರಿಸಬೇಕೆಂದಲ್ಲ. ತಪ್ಪು ಹೆಜ್ಜೆ ಇಟ್ಟೊಡನೆ ಆಟ ಅಲ್ಲೇ ನಿಂತು, ಆ ಹೆಜ್ಜೆಗೆ ಹಿಂದಿನ ಕ್ಷಣಕ್ಕೆ ಮಗುವನ್ನು ಕರೆದೊಯ್ದು, ಏನು ಕಾಣಿಸಿತ್ತು, ಏನು ಕೇಳಿಸಿತ್ತು ಎಂದು ಮತ್ತೆ ನೋಡಿಸಬಹುದು. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಒಂಟಿ ವೀರನ ಕಲ್ಪನೆ. ಆಟದ ನಾಯಕ ಎಲ್ಲರನ್ನೂ ತಾನೇ ಕಾಪಾಡುತ್ತಾನೆ. ಕೃಷಿ ಹೊಂಡದ ಅಂಚಿನಲ್ಲಿ ನಿಂತ ಹನ್ನೊಂದರ ಹುಡುಗನಿಗೆ ನಾವು ಕಲಿಸಬೇಕಾಗಿರುವುದು ಆ ವೀರನಾಗದಿರುವುದನ್ನು. ಸಹಾಯ ಕರೆದವನಿಗೆ, 112ಕ್ಕೆ ಕರೆ ಮಾಡಿ ತಾನಿರುವ ಜಾಗವನ್ನು ಸರಿಯಾಗಿ ಹೇಳಿದವನಿಗೆ, ತಂಗಿಯ ಕೈ ಹಿಡಿದು ದೂರ ನಿಂತವನಿಗೆ ಆಟದಲ್ಲಿ ಗೆಲುವು ಸಿಗಬೇಕು. ಕಾಮಾಯಿಶಿಯ ಪಾಠವನ್ನೂ ಆಟದ ಒಡಲಲ್ಲೇ ಇಡಬಹುದು: ಪ್ರತಿ ಸಲವೂ ಒಂದೇ ದಾರಿ ತೆರೆದಿರಬಾರದು. ನಿನ್ನೆ ಸುರಕ್ಷಿತವಾಗಿದ್ದ ಗುಡ್ಡ ಇಂದು ಕುಸಿದಿರಲಿ, ಕಾಳಜಿ ಕೇಂದ್ರವಾಗಿದ್ದ ಶಾಲೆಯ ಸುತ್ತಲೇ ಇಂದು ನೀರಿರಲಿ. ಆಗ ಮಗು ಉತ್ತರವನ್ನು ಬಾಯಿಪಾಠ ಮಾಡುವುದಿಲ್ಲ, ನೋಡುವುದನ್ನು ಕಲಿಯುತ್ತದೆ.

ಇಷ್ಟಾದರೂ ಡಂಡೀ ಅಧ್ಯಯನದ ಪ್ರಶ್ನೆ ಉಳಿದೇ ಇದೆ. ಪರದೆಯ ಮೇಲೆ ಕಲಿತದ್ದು ಅಂಗಳಕ್ಕೆ ಇಳಿಯುವುದು ಹೇಗೆ? ಅರ್ಧ ಆಟವನ್ನು ಅಂಗಳದಲ್ಲೇ ಇಟ್ಟರೆ ಇಳಿಯುತ್ತದೆ. ಒಂದು ಹಂತ ಮುಗಿಸಿದ ಮಗುವಿಗೆ ಮುಂದಿನ ಹಂತ ತೆರೆಯಬೇಕಾದರೆ ಫೋನ್ ಕೆಳಗಿಟ್ಟು ಏನಾದರೂ ಮಾಡಿ ಬರಬೇಕು: ಮನೆಯ ಮೇನ್ ಸ್ವಿಚ್ ಎಲ್ಲಿದೆಯೆಂದು ಅಪ್ಪನಿಂದ ತೋರಿಸಿಕೊಂಡು ಬರಬೇಕು, ರಾತ್ರಿ ಕರೆಂಟಿಲ್ಲದಾಗ ಟಾರ್ಚ್ ಎಲ್ಲಿ ಸಿಗುತ್ತದೆಂದು ಅಜ್ಜಿಯನ್ನು ಕೇಳಬೇಕು, ಕಳೆದ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಓಣಿಯ ಹಿರಿಯರನ್ನು ವಿಚಾರಿಸಿ ಗುರುತು ಹಾಕಬೇಕು, ಮನೆಯವರೆಲ್ಲ ಚದುರಿಹೋದರೆ ಎಲ್ಲಿ ಸೇರಬೇಕೆಂದು ಎಲ್ಲರೂ ಕೂಡಿ ಒಂದು ಜಾಗ ಗೊತ್ತುಮಾಡಬೇಕು. ಇದು ನನ್ನ ಊಹೆಯ ಮೇಲೆ ನಿಂತ ಮಾತಲ್ಲ. ನ್ಯೂಜಿಲೆಂಡಿನಲ್ಲಿ ಕೆವಿನ್ ರೋನನ್, ಡೇವಿಡ್ ಜಾನ್‌ಸ್ಟನ್ ಅವರು ಶಾಲಾಮಕ್ಕಳ ನಡುವೆ ನಡೆಸಿದ ಅಧ್ಯಯನಗಳು, ವಿಪತ್ತು ಶಿಕ್ಷಣ ಪಡೆದ ಮಕ್ಕಳ ಮನೆಗಳಲ್ಲಿ ಸಿದ್ಧತೆ ಹೆಚ್ಚಿದ್ದನ್ನು, ಅದರಲ್ಲೂ ಮಕ್ಕಳು ಹೆತ್ತವರ ಜೊತೆ ಆ ಬಗ್ಗೆ ಮಾತಾಡಿದ ಕಡೆ ಫಲ ಹೆಚ್ಚಾಗಿದ್ದನ್ನು ತೋರಿಸಿವೆ. ಮಕ್ಕಳನ್ನು ಸುಮ್ಮನೆ ಹೆದರಿಸುತ್ತೀರಿ ಎಂಬ ಆಕ್ಷೇಪಕ್ಕೂ ಅಲ್ಲಿ ಉತ್ತರವಿದೆ: ಆ ಮಕ್ಕಳಲ್ಲಿ ವಿಪತ್ತಿನ ಭಯ ಹೆಚ್ಚಲಿಲ್ಲ, ತಗ್ಗಿತ್ತು. ಇದು ಸಹಜವೂ ಹೌದು. 2019ರ ಆಗಸ್ಟಿನ ನೆರೆಯಲ್ಲಿ ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳಲ್ಲಿ ಮನೆ ಬಿಟ್ಟುಹೋದ ಮಕ್ಕಳಿಗೆ ಭಯವನ್ನು ಆಟ ಹೊಸದಾಗಿ ಪರಿಚಯಿಸಬೇಕಿಲ್ಲ. ಅವರಿಗೆ ಇಲ್ಲದ್ದು ಭಯ ಬಂದಾಗ ಕೈಕಾಲಿಗೆ ಕೊಡಬೇಕಾದ ಕೆಲಸ. ಇಂಡೊನೇಷ್ಯಾದ ಸಿಮಿಲು ದ್ವೀಪದವರು 1907ರ ಸುನಾಮಿಯ ನೆನಪನ್ನು 'ಸ್ಮಾಂಗ್' ಎಂಬ ಒಂದು ಪದದಲ್ಲಿ, ಕತೆ ಹಾಡುಗಳಲ್ಲಿ ಮಕ್ಕಳಿಗೆ ದಾಟಿಸುತ್ತ ಬಂದರು: ನೆಲ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡು. 2004ರ ಡಿಸೆಂಬರ್ 26ರಂದು ಸುಮಾರು 78,000 ಜನರಿದ್ದ ಆ ದ್ವೀಪದಲ್ಲಿ ಸತ್ತವರು ಬೆರಳೆಣಿಕೆಯಷ್ಟು. ಅಜ್ಜಿಯರು ಅಲ್ಲಿ ಮಕ್ಕಳನ್ನು ಹೆದರಿಸಲಿಲ್ಲ, ಓಡುವ ದಿಕ್ಕು ಹೇಳಿಕೊಟ್ಟರು.

ಎಳೆಯರ ಕೈಗೆ ಫೋನ್ ಬೇಡವೆಂದು ಎಲ್ಲರೂ ಹೇಳುತ್ತಿರುವಾಗ ಇನ್ನೊಂದು ಮೊಬೈಲ್ ಆಟವೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಶಾಲೆಯಲ್ಲೇ ಅಣಕು ಕಾರ್ಯಾಚರಣೆ ಮಾಡಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಶಾಲಾ ಸುರಕ್ಷತೆಯ ಮಾರ್ಗಸೂಚಿ ಕೊಟ್ಟಿದೆ; ಅದು ಪ್ರತಿ ಶಾಲೆಯಲ್ಲೂ ನಡೆಯಲೇಬೇಕು, ಆಟ ಅದರ ಬದಲಿಯಲ್ಲ. ಆದರೆ ಕ್ಯಾಲೆಂಡರ್ ನೋಡಿ. ಸಿಡಿಲಿನ ಕಾಲ ಬೇಸಿಗೆ ರಜೆಯ ಕಾಲ. ಮಕ್ಕಳು ಕೆರೆ, ಹೊಂಡ, ಕಲ್ಲು ಕ್ವಾರಿಯ ಗುಂಡಿಗಳಿಗೆ ಈಜಲು ಹೋಗುವುದೂ ರಜೆಯಲ್ಲಿಯೇ. ಶಾಲೆಯ ಗಂಟೆ ಕೇಳಿಸದ ಆ ಎರಡು ತಿಂಗಳಲ್ಲಿ ಮಗುವಿನ ಹತ್ತಿರ ಇರುವುದು ಮನೆಯ ಫೋನ್. ಶಿಕ್ಷಣದ ಸ್ಥಿತಿಗತಿ ಅಳೆಯುವ 2024ರ ಅಸರ್ ವರದಿ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಜನ ಸ್ಮಾರ್ಟ್‌ಫೋನ್ ಬಳಸಬಲ್ಲರು. ಸಮೀಕ್ಷೆಗೆ ಹಿಂದಿನ ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಫೋನ್ ಈಗಾಗಲೇ ಮಗುವಿನ ಕೈಯಲ್ಲಿದೆ. ಅಲ್ಲಿ ಏನಿರಬೇಕು ಎಂಬುದಷ್ಟೇ ಪ್ರಶ್ನೆ. ಅದೇ ವರದಿ ಇನ್ನೊಂದು ಎಚ್ಚರವನ್ನೂ ಕೊಡುತ್ತದೆ: ಸ್ವಂತ ಫೋನ್ ಇರುವುದು ಹುಡುಗರಲ್ಲಿ ಹೆಚ್ಚು, ಹುಡುಗಿಯರಲ್ಲಿ ಕಡಿಮೆ. ನೀರು ತರಲು ಹೋಗುವ, ಬಟ್ಟೆ ಒಗೆಯಲು ಹೊಳೆಗೆ ಹೋಗುವ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಗೆ ಈ ಆಟ ಮೊದಲು ತಲುಪಬೇಕು, ಆದರೆ ಫೋನ್ ಅಣ್ಣನ ಜೇಬಿನಲ್ಲಿದೆ. ಆದ್ದರಿಂದ ಒಬ್ಬರೇ ಮೂಲೆಯಲ್ಲಿ ಕೂತು ಆಡುವ ಆಟವಾಗಿ ಇದನ್ನು ಕಟ್ಟಬಾರದು. ಒಂದು ಫೋನಿನ ಸುತ್ತ ನಾಲ್ಕು ಮಕ್ಕಳು ಕೂತು ಸರದಿಯ ಮೇಲೆ ತೀರ್ಮಾನಿಸುವ, ವಾದಿಸುವ ಆಟವಾಗಬೇಕು. ಫೋನೇ ಇಲ್ಲದ ಕಡೆ ಅದರ ಮಣೆಯಾಟದ ರೂಪವನ್ನು ಅಚ್ಚು ಹಾಕಿಸಿ ಗ್ರಂಥಾಲಯಕ್ಕೂ ಅಂಗನವಾಡಿಗೂ ಕೊಡಬೇಕು. ಮತ್ತೆ ಮತ್ತೆ ಆಡಲು ಕರೆಯುವ ಸೂಚನೆ, ದಿನಕ್ಕೊಂದು ಬಹುಮಾನ, ಜಾಹೀರಾತು ಇವೆಲ್ಲ ಚಟ ಹಿಡಿಸಲು ಇರುವ ಉಪಾಯಗಳು, ಇಲ್ಲಿ ಅವಕ್ಕೆ ಜಾಗವಿಲ್ಲ. ಹತ್ತು ನಿಮಿಷ ಆಡಿಸಿ ಹೊರಗೆ ಕಳಿಸುವುದೇ ಇದರ ಯಶಸ್ಸು.

ದುಡ್ಡಿನ ಮಾತೂ ಬರುತ್ತದೆ. ಇಡೀ ದೇಶಕ್ಕೆ ಒಂದೇ ಆಟ ಮಾಡಿ ಎಲ್ಲ ಭಾಷೆಗೂ ಅನುವಾದಿಸುವುದು ಅಗ್ಗವಲ್ಲವೇ? ಅಗ್ಗ ಹೌದು. ಆದರೆ ಅಂಥ ಆಟದಲ್ಲಿ ಮಾತು ಮಾತ್ರ ಕನ್ನಡದ್ದಾಗಿ, ಮನೆ ಬೀದಿ ಮಳೆ ಎಲ್ಲ ಯಾವುದೋ ಊರಿನವಾಗುತ್ತವೆ. ತೀರ್ಮಾನಗಳು ಜಾಗಕ್ಕೆ ಅಂಟಿಕೊಂಡಿರುವುದರಿಂದ ಆಟದ ಅರ್ಧ ಅರ್ಥ ಅಲ್ಲೇ ಸೋರಿಹೋಗುತ್ತದೆ. ಮಧ್ಯದ ದಾರಿಯೊಂದಿದೆ. ಆಟದ ಎಲುಬಿನ ಗೂಡು ಒಂದೇ ಇರಲಿ, ಅದರ ಮೇಲಿನ ಊರುಗಳು, ಕಟ್ಟಡಗಳು, ದನಿಗಳು ಸೀಮೆಗೊಂದರಂತೆ ಬದಲಾಗಲಿ. ಎಲ್ಲ ಸೂಚನೆಗಳೂ ಓದುವಂಥವಾಗದೆ ಕೇಳುವಂಥವಾಗಿರಲಿ, ಏಕೆಂದರೆ ತರಗತಿಗೆ ತಕ್ಕಷ್ಟು ಓದಲಾರದ ಮಕ್ಕಳು ನಮ್ಮಲ್ಲಿ ಬಹಳ. ಆ ದನಿ ಕಲಬುರಗಿಯಲ್ಲಿ ಕಲಬುರಗಿಯ ಕನ್ನಡವಾಗಿ, ಕುಂದಾಪುರದಲ್ಲಿ ಕುಂದಾಪುರದ ಕನ್ನಡವಾಗಿ ಕೇಳಲಿ. ಲಂಬಾಣಿ, ತುಳು, ಉರ್ದು ಮನೆಮಾತಿನ ಮಕ್ಕಳಿಗೂ ಅವರವರ ದನಿ ಸಿಗಲಿ. ಕಡಿಮೆ ಬೆಲೆಯ ಹಳೆಯ ಫೋನಿನಲ್ಲೂ, ಇಂಟರ್‌ನೆಟ್ ಇಲ್ಲದೆಯೂ ಆಟ ನಡೆಯಬೇಕು. ಗುಡ್ಡದೂರುಗಳಲ್ಲಿ ಜೋರು ಮಳೆಗೆ ಮೊದಲು ಕೈಕೊಡುವುದೇ ಸಿಗ್ನಲ್. ಇನ್ನು ಆಟದಲ್ಲಿ ಬರುವ ಪ್ರತಿಯೊಂದು ಸಲಹೆಯನ್ನೂ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಅಗ್ನಿಶಾಮಕ ದಳ, ಮಕ್ಕಳ ವೈದ್ಯರು ನೋಡಿ ಒಪ್ಪಬೇಕು. ಉನೊಸುಮಾಯಿಯ ಕಟ್ಟಡವನ್ನು ಮರೆಯುವಂತಿಲ್ಲ: ತಪ್ಪು ಸಲಹೆಯನ್ನು ಚೆಂದದ ಆಟದಲ್ಲಿ ಇಟ್ಟರೆ ಅದು ತಪ್ಪಾಗಿಯೇ ಉಳಿದು, ಹೆಚ್ಚು ಆಳಕ್ಕೆ ಇಳಿಯುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹೊಣೆಯದು. 2001ರ ಜನವರಿ 26ರಂದು ಗುಜರಾತಿನ ಅಂಜಾರಿನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಇಕ್ಕಟ್ಟಿನ ಓಣಿಯಲ್ಲಿ ಸಾಗುತ್ತಿದ್ದ ಮಕ್ಕಳ ಮೇಲೆ ಎರಡೂ ಬದಿಯ ಕಟ್ಟಡಗಳು ಭೂಕಂಪಕ್ಕೆ ಕುಸಿದವು. ಸುಮಾರು 200 ಮಕ್ಕಳು, ಶಿಕ್ಷಕರು ಸತ್ತರು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಬೆಂಕಿ ಹತ್ತಿ, ಮೇಲಿದ್ದ ಗರಿಯ ಸೂರು ಉರಿದು ಬಿದ್ದು 94 ಮಕ್ಕಳು ಸುಟ್ಟುಹೋದರು. ಆ ಮಕ್ಕಳಿಗೆ ಯಾವ ಆಟ ಏನು ಕಲಿಸಿ ಉಳಿಸಬಹುದಿತ್ತು? ಏನನ್ನೂ ಇಲ್ಲ. ದೊಡ್ಡವರು ಕಟ್ಟಿದ ಕಟ್ಟಡ, ದೊಡ್ಡವರು ಕೊಟ್ಟ ಪರವಾನಗಿ ಅವರನ್ನು ಕೊಂದಿತು. ಮಕ್ಕಳಿಗೆ ಆಟ ಕೊಟ್ಟಿದ್ದೇವೆ, ಇನ್ನು ಅವರೇ ನೋಡಿಕೊಳ್ಳಲಿ ಎಂದು ಯಾರಾದರೂ ಕೈತೊಳೆದುಕೊಂಡರೆ ಆ ಆಟ ಇಲ್ಲದಿರುವುದೇ ಮೇಲು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತಲೇ ಆಟದ ಒಳಗೆ ಅದಕ್ಕೊಂದು ಜಾಗ ಕೇಳುತ್ತೇನೆ. ಮಗು ತನ್ನ ಊರಿನ ಅಪಾಯದ ಜಾಗಗಳನ್ನು ಗುರುತಿಸುವುದು ಆಟದ ಒಂದು ಹಂತವಾಗಲಿ: ಬೇಲಿಯಿಲ್ಲದ ಹೊಂಡ, ಮುಚ್ಚಳವಿಲ್ಲದ ಕೊಳವೆಬಾವಿ, ಜೋತುಬಿದ್ದ ವಿದ್ಯುತ್ ತಂತಿ, ಬೀಗ ಹಾಕಿದ ಹಿಂಬಾಗಿಲು, ಬಿರುಕು ಬಿಟ್ಟ ಶಾಲೆಯ ಗೋಡೆ. ನಮ್ಮಲ್ಲಿ ಮಕ್ಕಳ ಗ್ರಾಮಸಭೆ ಎಂಬ ಒಳ್ಳೆಯ ಏರ್ಪಾಡಿದೆ. ಅಲ್ಲಿ ಮಕ್ಕಳು ಪಂಚಾಯಿತಿಯವರ ಎದುರು ನಿಂತು ಕೇಳಬಹುದು, ಉತ್ತರಿಸುವುದು ಪಂಚಾಯಿತಿಯ ಕೆಲಸ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲೂ ಆ ಪಟ್ಟಿಯನ್ನು ಇಡಬಹುದು. ಹೀಗಾದಾಗ ಹೊಣೆ ಮಗುವಿನ ತಲೆಗೆ ಬರುವುದಿಲ್ಲ, ಮಗುವಿನ ಬಾಯಿಂದ ದೊಡ್ಡವರ ತಲೆಗೆ ಹೋಗುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಮಗು ಗುರುತು ಹಾಕಿದ ಮನೆಯ ನಕ್ಷೆ, ಮನೆಯವರ ಹೆಸರು, ಓಡಾಡುವ ದಾರಿ ಇವು ಫೋನಿನೊಳಗೇ ಇರಬೇಕು, ಯಾವ ಸರ್ವರಿಗೂ ಹೋಗಬಾರದು. 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆಂದು, ಮಕ್ಕಳ ಚಲನವಲನದ ಮೇಲೆ ಕಣ್ಣಿಡಬಾರದೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಪಂಚಾಯಿತಿಗೆ ಹೋಗಬೇಕಾದ್ದು ಊರಿನ ಹೊಂಡದ ಪಟ್ಟಿ, ಅದನ್ನೂ ಮಕ್ಕಳೇ ಕಾಗದದ ಮೇಲೆ ಬರೆದು ಒಯ್ಯಲಿ.

ಕೊನೆಗೆ ಉಳಿಯುವುದು ಆಟ ಫಲ ಕೊಟ್ಟಿತೋ ಇಲ್ಲವೋ ಎಂದು ನೋಡುವ ಬಗೆ, ಮತ್ತು ಅದನ್ನು ಯಾರು ಸಾಕಬೇಕು ಎಂಬುದು. ಎಷ್ಟು ಜನ ಇಳಿಸಿಕೊಂಡರು ಎಂಬ ಅಂಕಿ ಸಮಾರಂಭದ ಭಾಷಣಕ್ಕೆ ಸಾಕು, ಮಕ್ಕಳಿಗೆ ಸಾಲದು. ಆಡಿದ ಊರಿನಲ್ಲೂ ಆಡದ ಊರಿನಲ್ಲೂ ಮುನ್ಸೂಚನೆ ಕೊಡದೆ ಅಣಕು ಕಾರ್ಯಾಚರಣೆ ನಡೆಸಿ ಮಕ್ಕಳು ಏನು ಮಾಡುತ್ತಾರೆಂದು ಹೋಲಿಸಬೇಕು. ಗುಡುಗು ಕೇಳಿದಾಗ ಮೈದಾನದಲ್ಲಿದ್ದವರು ಎಷ್ಟು ಬೇಗ ಒಳಗೆ ಬಂದರೆಂದು ಶಿಕ್ಷಕರು ಬರೆದಿಡಬೇಕು. ಮನೆಮಂದಿಗೆ ಸೇರುವ ಜಾಗ ಗೊತ್ತಿದೆಯೇ ಎಂದು ಆಶಾ ಕಾರ್ಯಕರ್ತೆಯೋ ಶಿಕ್ಷಕರೋ ಕೇಳಿ ನೋಡಬೇಕು. ಫಲ ಕಾಣದಿದ್ದರೆ ಆಟವನ್ನು ಬದಲಿಸುವ ಧೈರ್ಯವೂ ಬೇಕು. ಅದಕ್ಕೆ ಆಟ ಬದುಕಿರಬೇಕು. ಯೋಜನೆಯ ಹಣದಲ್ಲಿ ಹುಟ್ಟಿದ ಇಂಥ ಎಷ್ಟೋ ಒಳ್ಳೆಯ ಆಟಗಳು ಯೋಜನೆ ಮುಗಿದ ಮೇಲೆ ಅನಾಥವಾಗುತ್ತವೆ. 2020ರ ಕೊನೆಗೆ ಫ್ಲ್ಯಾಶ್ ತಂತ್ರಾಂಶ ನಿಂತಾಗ ಅದನ್ನೇ ನಂಬಿದ್ದ ಕಲಿಕೆಯ ಆಟಗಳು ರಾಶಿ ರಾಶಿಯಾಗಿ ಕೆಲಸ ನಿಲ್ಲಿಸಿದವು. ಆಂಡ್ರಾಯ್ಡ್ ಹೊಸದಾದಂತೆಲ್ಲ ಹಳೆಯ ಆಟವನ್ನು ದುರಸ್ತಿ ಮಾಡದಿದ್ದರೆ ಪ್ಲೇ ಸ್ಟೋರ್ ಅದನ್ನು ಹೊಸ ಫೋನುಗಳಿಗೆ ತೋರಿಸುವುದೇ ಇಲ್ಲ. ಹಾಗಾಗಿ ಇದು ಒಂದು ಸಲ ಬಿಡುಗಡೆ ಮಾಡಿ ಮರೆಯುವ ಕೆಲಸವಲ್ಲ. ಮಳೆ ಮಿಂಚಿನ ಮಾಹಿತಿ ಇರುವ ಉಸ್ತುವಾರಿ ಕೇಂದ್ರವೂ, ಶಾಲೆಗಳ ಬಳಕೆ ಇರುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ (ಡಿಎಸ್‌ಇಆರ್‌ಟಿ) ಸೇರಿ ಅದರ ಒಡೆತನ ವಹಿಸಿಕೊಳ್ಳಬೇಕು. ಆಟದ ತಂತ್ರಾಂಶದ ಸಂಕೇತವನ್ನು (ಕೋಡ್) ಎಲ್ಲರಿಗೂ ತೆರೆದಿಟ್ಟರೆ ಕಾಲೇಜಿನ ಹುಡುಗರೂ ತಮ್ಮ ತಾಲ್ಲೂಕಿನ ಹಂತವನ್ನು ಕಟ್ಟಿ ಸೇರಿಸಬಹುದು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ, ಆ ವರ್ಷ ಮಕ್ಕಳು ಎಲ್ಲಿ, ಹೇಗೆ ಸತ್ತರು ಎಂಬ ವರದಿಗಳನ್ನು ಮುಂದಿಟ್ಟುಕೊಂಡು ಆಟವನ್ನು ತಿದ್ದಬೇಕು. ತಿದ್ದಿದ ಆಟ ಮಾರ್ಚ್ ತಿಂಗಳ ಪರೀಕ್ಷೆ ಮುಗಿಯುವುದರೊಳಗೆ, ಮಕ್ಕಳು ರಜೆಗೆ ಹೊರಡುವ ಮೊದಲು, ಅವರ ಮನೆಯ ಫೋನಿಗೆ ಬಂದಿರಬೇಕು.